ಅಟ್ಟದ ಮೇಲಿನ ಮುದ್ರಣ ವರ್ಷ

ಮೈಸೂರಿನಿಂದ ಅರಸೀಕೆರೆಗೆ ಹೋಗುವ ಬೆಳಗಿನ ಪ್ಯಾಸೆಂಜರ್ ಗಾಡಿಯನ್ನು ನಾನು ಹತ್ತಿದ್ದು ೧೯೭೮ರ ಡಿಸೆಂಬರ್ ತಿಂಗಳ ಕೊನೆಯ ವಾರದಲ್ಲಿ. ನನ್ನ ದಿನಚರಿಯಲ್ಲಿ ಅಂದು ಗುರುವಾರ ಎಂದಿದೆ. ಪಂಚಾಂಗ ಶುಕ್ರವಾರ ಎನ್ನುತ್ತದೆ. ಎರಡನ್ನೂ ತಾಳೆ ನೋಡಿ ಪಂಚಾಂಗವನ್ನೇ ನಂಬಿದ್ದೇನೆ. ಆ ವರ್ಷ ದಿನಚರಿಯನ್ನು ನಾನು ಅಂದಂದೇ ಬರೆಯುತ್ತಿರಲಿಲ್ಲ.

ಹೊರಟ ಉದ್ದೇಶ ಚಿಕ್ಕದು. ನಮ್ಮ ಮನೆಯಲ್ಲಿ ತೋಟಗಾರಿಕೆಯ ಪುಸ್ತಕಗಳ ಎರಡು ಕಪಾಟುಗಳಿವೆ. ಸಂಗ್ರಹಿಸಿದವನು ನಾನು, ಬಳಸಿದವಳು ನನ್ನ ಪತ್ನಿ ಶಾರದೆ. ನನ್ನ ಕೈಯಲ್ಲಿ ಪುಸ್ತಕದ ಧೂಳು, ಅವಳ ಕೈಯಲ್ಲಿ ಕುಂಡದ ಮಣ್ಣು. ಹಾಗಾಗಿ ಹಲವು ಪುಸ್ತಕಗಳ ಅಂಚಿನಲ್ಲಿ ಅವಳ ಹೆಬ್ಬೆರಳಿನ ಕೆಂಪು ಗುರುತು ಉಳಿದಿದೆ. ಅವುಗಳಲ್ಲಿ ಹಸಿರು ರಟ್ಟಿನದೊಂದು ಕನ್ನಡ ಪುಸ್ತಕ ಅವಳ ತವರಿನಿಂದ ಬಂದದ್ದು. ಮೊದಲ ಕೆಲವು ಹಾಳೆಗಳೇ ಇಲ್ಲದ್ದರಿಂದ ಅದರ ಹೆಸರಾಗಲಿ ವರ್ಷವಾಗಲಿ ನಮಗೆ ಗೊತ್ತಿರಲಿಲ್ಲ. ತನ್ನ ತಾಯಿ ಮದುವೆಯಾಗಿ ಬಂದಾಗ ಪೆಟ್ಟಿಗೆಯಲ್ಲಿ ತಂದದ್ದು ಅದು ಎಂದು ಅವಳ ವಾದ. ಅಕ್ಷರದ ಮೊಳೆ, ಕಾಗದ, ಹೊಲಿಗೆ ಎಲ್ಲವನ್ನೂ ನೋಡಿ, ಆ ಮದುವೆಗಿಂತ ಹತ್ತು ವರ್ಷವಾದರೂ ಈಚಿನದು ಎಂದು ನನ್ನ ವಾದ. "ಮುದ್ರಣದ ವರ್ಷ ತೋರಿಸು, ಒಪ್ಪುತ್ತೇನೆ" ಎನ್ನುತ್ತಿದ್ದೆ. "ನೀವು ಗಿಡದ ಜಾತಕ ನೋಡಿ ಹೂ ಕೀಳುವವರು" ಎನ್ನುತ್ತಿದ್ದಳು. ಈ ಜಗಳ ನಮ್ಮ ಮನೆಯಲ್ಲಿ ಕಾಫಿಯಷ್ಟೇ ನಿತ್ಯದ್ದಾಗಿತ್ತು. ಆ ಪ್ರಯಾಣದ ಹೊತ್ತಿಗೆ ಅವಳು ತೀರಿಕೊಂಡು ಒಂದು ವರ್ಷ ಕಳೆದಿತ್ತು. ನಿವೃತ್ತಿಯ ಬಿಡುವಿನಲ್ಲಿ ಕಪಾಟುಗಳ ಸೂಚಿ ಬರೆದು ಮುಗಿಸಿದ್ದೆ. ಆ ಒಂದು ಪುಸ್ತಕದ ಮುಂದೆ ಮಾತ್ರ ಪೆನ್ಸಿಲಿನ ಪ್ರಶ್ನಾರ್ಥಕ ಚಿಹ್ನೆ ನಿಂತಿತ್ತು.

ಅದೇ ಪುಸ್ತಕವನ್ನು ತುರುವೇಕೆರೆಯ ಕೊಬ್ಬರಿ ವ್ಯಾಪಾರಿ ರುದ್ರಪ್ಪನವರ ಮನೆಯಲ್ಲಿ ಕಂಡುದಾಗಿ ಗೆಳೆಯರೊಬ್ಬರು ಹೇಳಿದ್ದರು. ಆ ಮಾತಿನ ಬಲದ ಮೇಲೆ ಹೊರಟೆ.

ಅರಸೀಕೆರೆಯಲ್ಲಿ ಗಾಡಿ ಬದಲಿಸಿ, ಬೆಂಗಳೂರಿನ ಕಡೆಯ ರೈಲಿನಲ್ಲಿ ತಿಪಟೂರು ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ರೈಲು ಊರನ್ನು ಸಮೀಪಿಸುತ್ತಿದ್ದಂತೆ ಎರಡೂ ಕಡೆ ತೆಂಗಿನ ಮರಗಳು ಒತ್ತಿಕೊಂಡು ಬಂದವು. ನಮ್ಮ ಹಸಿರು ಪುಸ್ತಕದಲ್ಲಿ ತಿಪಟೂರಿನ ತೆಂಗಿನ ಸಸಿಗಳನ್ನು ರೈಲಿನಲ್ಲಿ ತರಿಸಿಕೊಳ್ಳುವ ಬಗ್ಗೆ ಒಂದು ವಾಕ್ಯವಿದೆ. ಆದ್ದರಿಂದ ಅದು ಈ ಹಳಿಗಳಿಗಿಂತ ಹಳೆಯದಾಗಿರಲಾರದು. ಪುಸ್ತಕ ಎಷ್ಟಕ್ಕಿಂತ ಹಳೆಯದಲ್ಲ ಎನ್ನಲು ನನ್ನ ಬಳಿ ಇದ್ದ ಆಧಾರ ಅದೊಂದೇ.

ಬಸ್ ನಿಲ್ದಾಣದ ಬಳಿಯ ವಸತಿಗೃಹದಲ್ಲಿ ಕೋಣೆ ಹಿಡಿದೆ. ಸಂಜೆ ಪೇಟೆಯಲ್ಲಿ ಅಡ್ಡಾಡುವಾಗ ಒಂದು ಪುಸ್ತಕದಂಗಡಿ ಕಂಡಿತು. ತೆಂಗಿನ ಬೇಸಾಯದ ಪುಸ್ತಕವಿದೆಯೇ ಎಂದು ವಿಚಾರಿಸಿದೆ.

"ತೆಂಗಿನ ಸೀಮೇಲಿ ತೆಂಗಿನ ಪುಸ್ತಕ ಯಾರ್ ಕೊಳ್ತಾರೆ ಸಾರ್" ಎಂದ ಅಂಗಡಿಯವನು, ಪರೀಕ್ಷೆಯ ಗೈಡುಗಳ ಹಿಂದಿನಿಂದ ತೆಳುವಾದ ಹೊತ್ತಗೆಯೊಂದನ್ನು ಎಳೆದು ಧೂಳು ಊದಿದ. "ಇದೊಂದದೆ. ನಿಮಗೆ ಎಷ್ಟು ಎಕರೆ?"

"ನಮ್ಮಲ್ಲಿರುವುದು ಕುಂಡಗಳು" ಎಂದೆ.

"ಕುಂಡದಲ್ಲಿ ತೆಂಗು ಬರಲ್ಲ ಕಣ್ರೀ" ಎಂದು ಗಂಭೀರವಾಗಿ ಎಚ್ಚರಿಸಿ ಕೊಟ್ಟ.

ಕೋಣೆಯ ಮಂಚದ ಮೇಲೆ ಕುಳಿತು ಹೊಸ ಪುಸ್ತಕವನ್ನೂ ಜೊತೆಗೆ ತಂದಿದ್ದ ಹಸಿರು ಪುಸ್ತಕವನ್ನೂ ಅಕ್ಕಪಕ್ಕ ತೆರೆದು ಓದಿದೆ. ಹೊಸದು ಗೊಬ್ಬರವನ್ನು ಗ್ರಾಮಿನಲ್ಲಿ ಅಳೆಯುತ್ತದೆ, ಹಳೆಯದು ಬೊಗಸೆಯಲ್ಲಿ. ಹೊಸದರಲ್ಲಿ ಸುಳಿ ಕೊಳೆಯುವ ರೋಗದ ಬಣ್ಣದ ಚಿತ್ರವಿದೆ. ಹಳೆಯದು ಅದೇ ರೋಗವನ್ನು "ಮರವು ಮಂಕಾಗುವುದು" ಎಂಬ ಎರಡು ಮಾತಿನಲ್ಲಿ ಮುಗಿಸುತ್ತದೆ. ಗುಣಿಗೆ ಉಪ್ಪು ಹಾಕುವ ವಿಷಯದಲ್ಲಿ ಎರಡೂ ಒಮ್ಮತದಲ್ಲಿವೆ ಎಂಬುದನ್ನು ಕಂಡು ಬಹಳ ಸಂತೋಷವಾಯಿತು. ಅದನ್ನು ಹೇಳಲು ತಲೆಯೆತ್ತಿದೆ. ಎದುರಿಗೆ ಗೋಡೆಯ ಮೊಳೆಗೆ ತೂಗುಹಾಕಿದ ನನ್ನ ಕೋಟು ಮಾತ್ರ ಇತ್ತು.

ಮರುದಿನ ಬೆಳಿಗ್ಗೆ ತುರುವೇಕೆರೆಯ ಬಸ್ಸು ಹಿಡಿದೆ. ಟಿಕೆಟ್ಟು ಎರಡು ರೂಪಾಯಿಯೊಳಗೆ. ದಾರಿ ಒಂದು ಗಂಟೆಗೂ ಮಿಕ್ಕಿ. ಕೆರೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ರುದ್ರಪ್ಪನವರು ಅಂಗಡಿಯ ಮುಂದೆ ಗೋಣಿಚೀಲಗಳ ನಡುವೆ ಕುಳಿತು, ಬಂದ ಕೊಬ್ಬರಿಯ ಉಂಡೆಗಳನ್ನು ಒಂದೊಂದಾಗಿ ಹೊರಳಿಸಿ ನೋಡುತ್ತಿದ್ದರು. ಹಣೆಯ ತುಂಬ ವಿಭೂತಿ, ಕಿವಿಯ ಮೇಲೊಂದು ಪೆನ್ಸಿಲು. ನಾನು ಬಂದ ಕಾರಣ ಕೇಳಿ ಅವರಿಗೆ ನಗು ತಡೆಯಲಿಲ್ಲ.

"ಒಂದು ಪುಸ್ತಕದ ವರ್ಷ ನೋಡಕ್ಕೆ ಮೈಸೂರಿಂದ ಬಂದ್ರಾ? ಕೂತ್ಕೊಳ್ಳಿ ಸ್ವಾಮಿ. ಕಾಫಿ ಕುಡೀರಿ. ನಾವು ಇಲ್ಲಿಂದ ತಿಪಟೂರಿಗೆ ಹೋಗಬೇಕಂದ್ರೂ ಏನಾದ್ರೂ ವ್ಯಾಪಾರ ಇರಬೇಕು."

ಪುಸ್ತಕವೇನೋ ಅವರ ಮನೆಯಲ್ಲಿತ್ತು. ಆದರೆ ಹಿಂದಿನ ಮಳೆಗಾಲದಲ್ಲಿ ಗೆದ್ದಲು ಹತ್ತಿ, ಈಗ ಅರ್ಧ ಪುಸ್ತಕ ಮಣ್ಣಾಗಿತ್ತು. ಉಳಿದ ಹಾಳೆಗಳನ್ನು ನನ್ನ ಪ್ರತಿಯೊಡನೆ ಹೋಲಿಸಿದೆ. ಸಾಲು ಸಾಲಿಗೆ ಅದೇ ಅಚ್ಚು. ಮೊದಲ ಪುಟದ ಜಾಗದಲ್ಲಿ ಮಾತ್ರ ಜರಡಿಯಂಥ ತೂತುಗಳು.

ನನ್ನ ಮುಖ ನೋಡಿದ ರುದ್ರಪ್ಪನವರು ದನಿ ತಗ್ಗಿಸಿದರು. "ಬೇಜಾರು ಮಾಡ್ಕೋಬೇಡಿ. ಶೆಟ್ಟಿಕೆರೇಲಿ ನನ್ನ ಷಡ್ಡಕ ಅವನೆ, ಬಸವಲಿಂಗಯ್ಯ ಅಂತ. ಅವರಪ್ಪನೂ ನಮ್ಮಪ್ಪನೂ ಒಟ್ಟಿಗೆ ಹೋಗಿ ಒಂದೊಂದು ಕೊಂಡಿದ್ದ ಪುಸ್ತಕ ಇದು. ಅವನು ಬುದ್ಧಿವಂತ. ಹೊಗೆ ಬಡಿದ್ರೆ ಹುಳ ಹತ್ತಲ್ಲ ಅಂತ ಟ್ರಂಕಿನಲ್ಲಿಟ್ಟು ಅಟ್ಟಕ್ಕೆ ಹಾಕವ್ನೆ. ಅದು ಹೊಸಾದಂಗೇ ಇರ್ತದೆ."

ಅಂದು ರಾತ್ರಿ ಮತ್ತೆ ತಿಪಟೂರಿನ ಅದೇ ಕೋಣೆ. ಮೂರನೆಯ ದಿನ ಚಿಕ್ಕನಾಯಕನಹಳ್ಳಿಯ ಕಡೆಯ ಬಸ್ಸಿನಲ್ಲಿ ಹೊರಟು ಶೆಟ್ಟಿಕೆರೆಯಲ್ಲಿಳಿದೆ. ಬಸವಲಿಂಗಯ್ಯನವರ ಮನೆ ತೋಟಕ್ಕೆ ಹೊಂದಿಕೊಂಡೇ ಇತ್ತು. ಐವತ್ತರ ಆಸುಪಾಸಿನ ದೃಢಕಾಯದ ಮನುಷ್ಯ. ರುದ್ರಪ್ಪನವರ ಹೆಸರು ಹೇಳಿದೊಡನೆ ಕಾಲಿಗೆ ನೀರು ಕೊಟ್ಟು ಚಾಪೆ ಹಾಸಿದರು. ಪುಸ್ತಕದ ಮಾತೆತ್ತಿದಾಗ ಮಾತ್ರ ತಲೆ ಕೆರೆದುಕೊಂಡರು.

"ಅದೆ ಸ್ವಾಮಿ. ಅದರ ಮೇಲೆ ಕಾಯಿ ಅವೆ."

ಆ ಸೀಮೆಯ ಕ್ರಮ ತಿಳಿಯದವರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ತಿಪಟೂರಿನ ಉಂಡೆ ಕೊಬ್ಬರಿಯನ್ನು ಬಿಸಿಲಿನಲ್ಲಿ ಒಣಗಿಸುವುದಿಲ್ಲ. ಬಲಿತ ಕಾಯಿಗಳನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ರಾಶಿ ಹಾಕಿ, ವರ್ಷದ ಹತ್ತಿರ ಹತ್ತಿರ ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕುಲುಕಿದರೆ ಮೊದಮೊದಲು ಕುಳುಕುಳು ಎಂದು ನೀರಿನ ಸದ್ದು. ನಡುವೆ ಕೆಲಕಾಲ ಮೌನ. ಕೊನೆಗೆ ಗಡಗಡ ಎಂಬ ಒಣ ಸದ್ದು. ಆ ಸದ್ದು ಬರುವವರೆಗೆ ರಾಶಿಗೆ ಯಾರೂ ಕೈ ಹಾಕುವುದಿಲ್ಲ. ಅರೆಯೊಣಗಿದ ಕಾಯಿ ಪೆಟ್ಟು ತಿಂದರೆ ಒಳಗಿನ ಉಂಡೆ ಬಿರಿಯುತ್ತದೆ, ಕೊಳೆಯಲೂಬಹುದು. ಬಸವಲಿಂಗಯ್ಯನವರು ಟ್ರಂಕನ್ನು ಅಟ್ಟದ ಹಿಂಬದಿಯ ಗೋಡೆಗೆ ತಾಗಿಸಿ ಇಟ್ಟಿದ್ದರು. ಯುಗಾದಿ ಕಳೆದ ಮೇಲೆ ಅದರ ಮೇಲೆಯೇ ಆ ವರ್ಷದ ಕಾಯಿ ಸುರಿದಿದ್ದರು.

"ಸುರಿಯೋ ಹೊತ್ತಿಗೆ ಮರೆತೇ ಹೋಯ್ತು" ಎಂದರು.

"ಮರೆತಿಲ್ಲ ಏನಿಲ್ಲ. ಇಳಿಸಕ್ಕೆ ಮೈ ಬಗ್ಗಲಿಲ್ಲ" ಎಂದಿತು ಒಳಗಿನಿಂದ ಒಂದು ಧ್ವನಿ. ಅವರ ತಾಯಿ ಗಂಗಮ್ಮನವರು ಅವರೆಕಾಯಿಯ ಮೊರ ಹಿಡಿದು ಬಂದು ಹೊಸ್ತಿಲ ಬಳಿ ಕುಳಿತರು. "ಆ ಪುಸ್ತಕ ನಿಮಗ್ಯಾಕೆ ಬೇಕಪ್ಪ? ತೋಟ ಮಾಡೀರಾ?"

ನಾನು ಚೀಲದಿಂದ ನಮ್ಮ ಪ್ರತಿಯನ್ನು ತೆಗೆದು ಅವರ ಕೈಗಿತ್ತೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ರಟ್ಟನ್ನು ಸವರಿದರು. "ಇದೇ ಕಣ್ಲಾ ಬಸವ, ಇದೇ ಹಸಿರು. ನಿಮ್ಮಪ್ಪ ಜಗಲಿ ಮೇಲೆ ಕೂತು ಗಟ್ಯಾಗಿ ಓದೋರು, ನಾನು ಗುಣಿ ಹತ್ರ ನಿಂತು ಕೇಳೋಳು. ಬಾವಿ ಪಕ್ಕದ ಸಾಲೆಲ್ಲ ಇದನ್ನ ಓದಿ ಇಟ್ಟಿದ್ದು."

"ಯಾವ ವರ್ಷ ಇಟ್ಟದ್ದು ತಾಯಿ?" ನನಗರಿವಿಲ್ಲದೆಯೇ ಲೇಖನಿ ಕೈಗೆ ಬಂದಿತ್ತು.

"ಇವನು ಅಂಬೆಗಾಲು ಇಡ್ತಿದ್ದ. ಮಣ್ಣು ತಿನ್ನೋನು" ಎಂದು ಮಗನ ಕಡೆ ಕೈ ತೋರಿಸಿದರು.

ಐವತ್ತು ವರ್ಷವೆಂದು ಲೆಕ್ಕ ಹಿಡಿದರೂ ನನ್ನ ಸಮಸ್ಯೆ ಬಗೆಹರಿಯಲಿಲ್ಲ. ಶಾರದೆಯ ತಾಯಿಯ ಮದುವೆ ಅದಕ್ಕೂ ಹಿಂದಿನದು. ಪುಸ್ತಕ ಆ ಮದುವೆಗೆ ಮೊದಲೂ ಅಚ್ಚಾಗಿರಬಹುದು, ಅನಂತರವೂ ಅಚ್ಚಾಗಿರಬಹುದು. ಅದನ್ನು ವಿವರಿಸಿದೆ. ವಿವರಿಸುವ ಭರದಲ್ಲಿ, ನನ್ನ ಹೆಂಡತಿಯ ವಾದ, ನನ್ನ ವಾದ, ಅವಳು ಈಗಿಲ್ಲವೆಂಬುದು, ಎಲ್ಲವನ್ನೂ ಹೇಳಿದ್ದೆನೆಂದು ತೋರುತ್ತದೆ.

ಗಂಗಮ್ಮನವರು ಸ್ವಲ್ಪ ಹೊತ್ತು ಅವರೆಕಾಯಿ ಸುಲಿದರು. ಬಳಿಕ ಮಗನಿಗೆ, "ತೆಗಿಯಲಾ. ಅಷ್ಟು ದೂರದಿಂದ ಬಂದವ್ರೆ" ಎಂದರು.

"ಅವ್ವಾ, ಇನ್ನೂ ಮೂರು ತಿಂಗಳಾದ್ರೂ ಬೇಕು."

"ಕೆಟ್ಟಷ್ಟು ಕೆಡಲಿ ಬುಡು."

ಬಸವಲಿಂಗಯ್ಯನವರು ಏಣಿ ತಂದು ಒರಗಿಸಿದರು. ಮೇಲೇರಿ, ಅಂಚಿನ ಕಾಯಿಗಳನ್ನು ಎರಡೂ ಕೈಯಲ್ಲಿ, ಮಲಗಿದ ಮಗುವನ್ನು ಎತ್ತುವಂತೆ ಎತ್ತಿ ಕೆಳಗೆ ಕೊಡತೊಡಗಿದರು. ಅವರ ಹೆಂಡತಿ ಅವನ್ನು ತೆಗೆದುಕೊಂಡು ಹುಲ್ಲಿನ ಮೇಲಿಟ್ಟರು. ಮೇಲಿನಿಂದ ಒಂದೆರಡು ಕಾಯಿ ಉರುಳಿದ ಸದ್ದು ಕೇಳಿದಾಗ ಬಸವಲಿಂಗಯ್ಯನವರು ಕಣ್ಣು ಮುಚ್ಚಿಕೊಂಡದ್ದನ್ನು ನಾನು ಕಂಡೆ. ಸಾಕಷ್ಟು ದಾರಿಯಾದ ಮೇಲೆ ಇಳಿದುಬಂದು ಟಾರ್ಚನ್ನು ನನ್ನ ಕೈಗಿತ್ತರು. "ಬಂದು ನೋಡಿ. ಮೂಲೆ ಕಾಣ್ತದೆ."

ಏಣಿಯ ಮೇಲ್ಗಡೆಯ ಮೆಟ್ಟಿಲಿನಲ್ಲಿ ನಿಂತು ಬೆಳಕು ಬಿಟ್ಟೆ. ಹೊಗೆಗೆ ಕಪ್ಪಾದ ತೊಲೆಗಳು, ಬೂದು ಬಣ್ಣದ ಕಾಯಿಗಳ ಗುಡ್ಡ, ಅದರಾಚೆ ಗೋಡೆಯ ಬಳಿ ಟ್ರಂಕಿನ ಕಬ್ಬಿಣದ ಒಂದು ಮೂಲೆ. ಅದನ್ನು ಹೊರಗೆಳೆಯುವುದು ಇನ್ನೊಂದು ಗಂಟೆಯ ಕೆಲಸ.

ಕೆಳಗಿನಿಂದ ಗಂಗಮ್ಮನವರು ಕೇಳಿದರು: "ಸ್ವಾಮಿ, ಒಂದು ಮಾತು. ನಿಮ್ಮ ಮನೆಯೋರು ಹೇಳಿದ ವರ್ಷವೇ ಅದರಲ್ಲಿದ್ರೆ, ಹೋಗಿ ಯಾರಿಗೆ ಹೇಳ್ತೀರಿ?"

ಅದು ಚುಚ್ಚುಮಾತಾಗಿರಲಿಲ್ಲ, ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದರು. ಉತ್ತರ ಹುಡುಕಿದೆ. ವಿದ್ವತ್ ಪತ್ರಿಕೆಯೊಂದಕ್ಕೆ ಟಿಪ್ಪಣಿ ಬರೆಯಬಹುದೆಂದು ತೋರಿತು. ಅದನ್ನು ಆಕೆಗೆ ಹೇಳಲು ನಾಚಿಕೆಯಾಯಿತು. ಸೂಚಿಯಲ್ಲಿ ಪೆನ್ಸಿಲಿನ ಗುರುತು ಅಳಿಸಿ ಶಾಯಿಯಲ್ಲಿ ವರ್ಷ ಬರೆಯಬಹುದಿತ್ತು. ಬರೆದ ಮೇಲೆ ಆ ಪುಸ್ತಕದ ಬಗ್ಗೆ ನಮ್ಮಿಬ್ಬರ ನಡುವೆ ಉಳಿಯುವ ಮಾತೇನೂ ಇರಲಿಲ್ಲ. ಟಾರ್ಚು ಆರಿಸಿ ಇಳಿದೆ.

"ಮುಚ್ಚಿಬಿಡಿ. ಕೊಬ್ಬರಿ ಆದ ಮೇಲೆ ಬರುತ್ತೇನೆ" ಎಂದೆ.

ಬಸವಲಿಂಗಯ್ಯನವರು ನನ್ನ ಮುಖವನ್ನೂ ತಾಯಿಯ ಮುಖವನ್ನೂ ನೋಡಿದರು. "ನಿಜವಾಗ್ಲೂ?"

"ನಿಜವಾಗಿಯೂ."

"ಮೊದಲೇ ಅಂದಿದ್ರೆ ನನ್ನ ಸೊಂಟ ಉಳೀತಿತ್ತಲ್ರೀ" ಎಂದು ನಕ್ಕು, ಮತ್ತೆ ಏಣಿ ಹತ್ತಿದರು. ಆ ನಗುವಿನಲ್ಲಿದ್ದ ನೆಮ್ಮದಿಯನ್ನು ಮುಚ್ಚಿಡಲು ಅವರು ಪ್ರಯತ್ನಿಸಲಿಲ್ಲ.

ಮಧ್ಯಾಹ್ನ ರಾಗಿಮುದ್ದೆ, ಅವರೆಕಾಳಿನ ಸಾರು. ಊಟವಾದ ಮೇಲೆ ಗಂಗಮ್ಮನವರು ಬಾವಿಯ ಪಕ್ಕದ ಸಾಲನ್ನು ತೋರಿಸಿದರು. ಮರಗಳ ನಡುವಣ ಅಂತರ ಹಸಿರು ಪುಸ್ತಕದಲ್ಲಿ ಹೇಳಿದಂತೆಯೇ ಇತ್ತು. ಹೆಜ್ಜೆಯಲ್ಲಿ ಅಳೆದು ತಾಳೆ ನೋಡಿದೆ. ಒಂದೆಡೆ ಮಾತ್ರ ಅಂತರ ಹೆಚ್ಚಾಗಿತ್ತು. ಕೇಳಿದ್ದಕ್ಕೆ, "ಅಲ್ಲಿ ನಮ್ಮ ಯಜಮಾನ್ರು ಹಾಳೆ ತಿರುವೋವಾಗ ಎರಡು ಹಾಳೆ ಒಟ್ಟಿಗೆ ತಿರುವಿದ್ರು. ನಾನು ಹೇಳ್ದೆ, ಕೇಳ್ನಿಲ್ಲ. ಸಾಯೋವರೆಗೂ ಒಪ್ಪಲಿಲ್ಲ ಬುಡಿ" ಎಂದರು. ಆ ಖಾಲಿ ಜಾಗದಲ್ಲಿ ಆಕೆ ಒಂದು ದಾಸವಾಳ ಹಾಕಿಕೊಂಡಿದ್ದರು.

ನಾನು ಹೊರಡುವಾಗ ಆಕೆ ಹುಲ್ಲಿನ ಮೇಲೆ ಉಳಿದಿದ್ದ ಕಾಯಿಗಳಲ್ಲಿ ಒಂದನ್ನು ಕಿವಿಯ ಬಳಿ ಕುಲುಕಿ ನನ್ನ ಚೀಲಕ್ಕೆ ಹಾಕಿದರು. "ಇದೂ ಅದೇ ರಾಶೀದು. ಬೆಚ್ಚಗಿರೋ ಕಡೆ ಇಡಿ. ಇದು ಗಡಗಡ ಅಂದ ದಿನ ಬಸ್ ಹತ್ತಿ. ಇಲ್ಲೂ ಆಗಿರ್ತದೆ."

ಸಂಜೆಯ ಬಸ್ಸಿನ ಕಿಟಕಿಯಿಂದ ಹಿಂದಿರುಗಿ ನೋಡಿದಾಗ ಅವರು ಗೇಟಿನ ಬಳಿ ಇರಲಿಲ್ಲ. ತಾಯಿ ಮಗ ಇಬ್ಬರೂ ಒಳಗೆ ರಾಶಿ ಸರಿಮಾಡುತ್ತಿದ್ದಿರಬೇಕು. ತೆಂಗಿನ ತಲೆಗಳು ಮಾತ್ರ ಬಹಳ ದೂರದವರೆಗೆ ಕಾಣುತ್ತಿದ್ದವು. ಮರುದಿನ ಅರಸೀಕೆರೆಯ ಮೂಲಕ ಮೈಸೂರು ಸೇರಿದೆ. ಚೀಲದೊಳಗೆ ಆ ಕಾಯಿ ಗಾಡಿಯ ಕುಲುಕಾಟಕ್ಕೆ ದಾರಿಯುದ್ದಕ್ಕೂ ಸಣ್ಣದಾಗಿ ಸದ್ದು ಮಾಡುತ್ತಿತ್ತು.

ಅದನ್ನೀಗ ಅಡುಗೆಮನೆಯ ಗೋಡೆಗೆ ಒರಗಿದ ಕಪಾಟಿನಲ್ಲಿ, ಹಸಿರು ಪುಸ್ತಕದ ಪಕ್ಕದಲ್ಲಿ ಇಟ್ಟಿದ್ದೇನೆ. ತಿಪಟೂರಿನ ಹೊಸ ಪುಸ್ತಕ ಅದರಾಚೆ ಇದೆ. ಸೂಚಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೆಯೇ ಬಿಟ್ಟಿದ್ದೇನೆ. ಬೆಳಿಗ್ಗೆ ಕಾಫಿಯಾದೊಡನೆ ಕಾಯಿಯನ್ನು ತೆಗೆದು ಕಿವಿಯ ಬಳಿ ಕುಲುಕುವುದು ರೂಢಿಯಾಗಿದೆ. ನೀರಿನ ಸದ್ದು ಮೊದಲಿಗಿಂತ ಸಣ್ಣದಾಗಿದೆಯೆಂದು ಒಮ್ಮೊಮ್ಮೆ ತೋರುತ್ತದೆ, ಖಚಿತವಾಗಿ ಹೇಳಲಾರೆ. ಈ ಬರಹ ಮುಗಿಸುತ್ತಿರುವ ಇಂದು ಕುಲುಕಿ ನೋಡಿ, "ಇನ್ನೂ ಇಲ್ಲ" ಎಂದು ಗಟ್ಟಿಯಾಗಿಯೇ ಹೇಳಿದೆ. ಹಿತ್ತಲಿನ ಕುಂಡಗಳ ಕಡೆಯಿಂದ ಉತ್ತರ ಬರಲೆಂದು ಸ್ವಲ್ಪ ಹೊತ್ತು ನಿಂತಿದ್ದು, ಕಾಯಿಯನ್ನು ಅದರ ಜಾಗದಲ್ಲಿಟ್ಟೆ.