ಹದಿನೆಂಟಲ್ಲ, ಆರು

ಶಹಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ಮನೆ ಸುರಪುರದಲ್ಲಿ. ಹೋದ ವರ್ಷ ಕಿರುಪರೀಕ್ಷೆಗೆ ಒಂದು ಲೆಕ್ಕ ಕೊಟ್ಟಿದ್ದೆ. ವಿದ್ಯುತ್ ಹಿಡಿದಿಡುವ ಎರಡು ಕೆಪಾಸಿಟರ್. ಒಂದರ ಅಳತೆ ಎರಡು ಸಾವಿರ ಪಿಕೊಫ್ಯಾರಡ್, ಹತ್ತು ಹೆಚ್ಚಿರಬಹುದು ಇಲ್ಲವೇ ಕಡಿಮೆ. ಇನ್ನೊಂದು ಮೂರು ಸಾವಿರ, ಹದಿನೈದು ಹೆಚ್ಚುಕಡಿಮೆ. ಸರಣಿಯಲ್ಲಿ ಜೋಡಿಸಿದರೆ ಒಟ್ಟು ಸಾವಿರದ ಇನ್ನೂರು. ಅದರಲ್ಲಿ ಹೆಚ್ಚುಕಡಿಮೆ ಎಷ್ಟು? ನಾನು ಕಲಿಸಿದಂತೆ ಎಲ್ಲರೂ ಹದಿನೆಂಟು ಎಂದು ಬರೆದಿದ್ದರು. ಬೋನಾಳದಿಂದ ಬರುವ ಹುಡುಗಿಯೊಬ್ಬಳು ಮಾತ್ರ ಆರು ಎಂದಿದ್ದಳು. ಕೆಂಪು ಗೀಟೆಳೆದು ಸೊನ್ನೆ ಹಾಕಿದೆ.

ಉತ್ತರಪತ್ರಿಕೆ ಹಿಡಿದು ಅವಳು ಎದ್ದು ನಿಂತಳು.

"ಮೇಡಂ, ಎರಡೂ ಪೂರಾ ಹೆಚ್ಚಿಗಿ ಅದಾವಂತ ಹಿಡದ್ರೂ ಸಾವಿರದ ಇನ್ನೂರಾ ಆರ ಬರ್ತದ್ರಿ. ಹದಿನೆಂಟು ಹ್ಯಾಂಗ ಆಗ್ತದ್ರಿ?"

"ಸೂತ್ರ ಹಾಕಿದ್ರ ಆಗ್ತದ. ಕುಂಡ್ರು."

ಕೂತಳು. ಸಂಜೆ ಬಸ್ಸಿನಲ್ಲಿ ಅವಳ ಮಾತೇ ಕೊರೆಯತೊಡಗಿತು. ಚೀಲದಿಂದ ಹಾಳೆ ತೆಗೆದು ಎರಡು ಸಾವಿರದ ಹತ್ತು, ಮೂರು ಸಾವಿರದ ಹದಿನೈದು ಬರೆದು ಗುಣಿಸಿದೆ, ಎರಡರ ಮೊತ್ತದಿಂದ ಭಾಗಿಸಿದೆ. ಬಸ್ಸು ಕುಲುಕಿ ಅಂಕಿಗಳು ಸೊಟ್ಟಗಾದರೂ ಉತ್ತರ ಸಾವಿರದ ಇನ್ನೂರಾ ಆರೇ. ಕಡಿಮೆ ಹಿಡಿದು ನೋಡಿದೆ. ಸಾವಿರದ ನೂರಾ ತೊಂಬತ್ನಾಲ್ಕು. ಸೂತ್ರದಲ್ಲಿ ಒಂದೇ ಅಳತೆ ಭಾಗಾಕಾರದ ಗೀಟಿನ ಮೇಲೂ ಇದೆ, ಕೆಳಗೂ ಇದೆ. ಎರಡೂ ಕಡೆ ಅದರ ಹೆಚ್ಚುಕಡಿಮೆಯನ್ನು ಬೇರೆ ಬೇರೆ ಎಂದು ಕೂಡಿಸುತ್ತ ಬಂದಿದ್ದೆ, ಇಷ್ಟು ವರ್ಷ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಪಾಠದ ನಡುವೆ ಬಾಗಿಲ ಕಡೆ ನೋಡುತ್ತಿದ್ದೆ. ಪ್ರಯೋಗಾಲಯದಲ್ಲಿ ಸುಮ್ಮಸುಮ್ಮನೆ ಯಾರನ್ನೋ ಗದರಿದೆ. ದಾಖಲಾತಿ ಪುಸ್ತಕದಿಂದ ಅವಳ ಅಪ್ಪನ ನಂಬರು ತೆಗೆದು ಒತ್ತಿ, ರಿಂಗಾಗುವ ಮೊದಲೇ ಕತ್ತರಿಸಿದೆ. ಏನೆಂದು ಕೇಳಲಿ?

ಮೂರನೆಯ ದಿನ ಬಂದಳು, ಕೈತುಂಬ ಹಸಿರು ಬಳೆ.

"ಎಲ್ಲಿ ಹೋಗಿದ್ದಿ?"

"ಹುಣಸಗಿಗಿ ಹೋಗಿದ್ನಿರಿ. ಚಿಗವ್ವ ಬಸುರಿ ಅದಾಳ್ರಿ, ಆಕಿ ಕುಬಸ ಇತ್ತು."

ನಾನು ಹಲಗೆಯ ಮೇಲೆ ಲೆಕ್ಕವನ್ನು ಮೊದಲಿನಿಂದ ಮಾಡಿದೆ. ಆರು ಬಂತು. "ನಾ ತಪ್ಪು ಕಲಿಸೀನಿ. ಈಕಿದ ಖರೇ ಅದ," ಎಂದೆ. ಅವಳ ಕಡೆ ತಿರುಗಿದೆ.

"ನಿನಗ ಖಾತ್ರಿ ಇತ್ತಲ್ಲ, ಮತ್ತ ಯಾಕ ಸುಮ್ಮನಾದಿ?"

"ನೀವು ಕುಂಡ್ರು ಅಂದ್ರಲ್ರಿ."

ಅಂಕ ತಿದ್ದಿ ಕೊಟ್ಟೆ. ಹಿಂದಿನ ತಂಡದ ಮಕ್ಕಳಿಗೂ ಫೋನಿನಲ್ಲಿ ತಿದ್ದುಪಡಿ ಬರೆದು ಕಳಿಸಿದೆ. ನಾಲ್ಕು ಮಂದಿ ಓದಿದರು. ಅದಕ್ಕೂ ಹಿಂದಿನವರ ನಂಬರು ನನ್ನ ಬಳಿ ಇಲ್ಲ.