ಗದ್ದ ಕೆಳಗೆ, ಅಣ್ಣ

ಬೇರೆಯವರ ಕೈಯಿಂದ ಉಣ್ಣುವುದು ಎಷ್ಟು ಕಷ್ಟ ಅನ್ನುವುದು ನನಗೆ ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ, ಚಾಮರಾಜನಗರದ ಒಂದು ಬಾಡಿಗೆ ಹಾಲ್‌ನಲ್ಲಿ. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವ ಕೆಲಸಕ್ಕೆ ಅಲ್ಲಿ ತರಬೇತಿ ಕೊಡುತ್ತಿದ್ದರು. ಅದಕ್ಕೂ ಮೊದಲು ನಾನು ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ಆರಿಸುತ್ತಿದ್ದೆ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು. ನಮ್ಮೂರಿನ ಆಶಾ ಕಾರ್ಯಕರ್ತೆ ತರಬೇತಿಯ ಸುದ್ದಿ ತಂದಾಗ ಹಿಂದೆ ಮುಂದೆ ನೋಡದೆ ಹೆಸರು ಕೊಟ್ಟುಬಿಟ್ಟೆ. ನಮ್ಮ ಬೇಗೂರಿನಲ್ಲಿ ಬಸ್ಸಿಗೆ ಕಾಯುವಾಗ ನನ್ನ ಗಂಡ, "ಈ ವಯಸ್ನಲ್ಲಿ ಬ್ಯಾಗ್ ನೇತಾಕ್ಕಂಡು ಇಸ್ಕೂಲ್ಗೆ ಒಂಟವ್ಳೆ ನೋಡ್ರಪ್ಪ" ಎಂದು ನಾಲ್ಕು ಜನಕ್ಕೆ ಕೇಳುವ ಹಾಗೆ ಅಂದ. "ನಾಳೆ ನಿನ್ನ ನೋಡ್ಕಳಕೂ ಒಬ್ರು ಬೇಕಾಯ್ತದೆ, ಬಾಯ್ ಮುಚ್ಕಂಡು ಮನೆಗೋಗು" ಅಂದು ಬಸ್ ಹತ್ತಿದೆ.

ನಮಗೆ ಕಲಿಸುತ್ತಿದ್ದವರು ಕೇರಳದ ಕಡೆಯ ಒಬ್ಬ ನರ್ಸ್. ಸಿಸ್ಟರ್ ಅಂತಲೇ ಕರೆಯುತ್ತಿದ್ದೆವು. ಕನ್ನಡ ಚೆನ್ನಾಗಿ ಬರುತ್ತಿತ್ತು, ಸಿಟ್ಟು ಬಂದಾಗ ಮಾತ್ರ ಮಲಯಾಳಕ್ಕೆ ಜಾರುತ್ತಿದ್ದರು. ಮಲಗಿದವರನ್ನು ಮಗ್ಗುಲಿಗೆ ಹೊರಳಿಸುವುದು, ಮಲಗಿದ್ದಂತೆಯೇ ಹಾಸಿಗೆಯ ಬಟ್ಟೆ ಬದಲಿಸುವುದು, ಬೆನ್ನು ಹುಣ್ಣಾಗದ ಹಾಗೆ ನೋಡಿಕೊಳ್ಳುವುದು, ಇವೆಲ್ಲ ಒಂದು ಪ್ಲಾಸ್ಟಿಕ್ ಗೊಂಬೆಯ ಮೇಲೆ ಆದವು. ಉಣ್ಣಿಸುವ ಪಾಠ ಬಂದಾಗ ಸಿಸ್ಟರ್ ಗೊಂಬೆಯನ್ನು ಮೂಲೆಗೆ ತಳ್ಳಿ, "ಇವತ್ತು ಒಬ್ಬರಿಗೊಬ್ಬರು ಉಣ್ಣಿಸಿ" ಅಂದರು.

ನನ್ನ ಪಾಲಿಗೆ ಬಂದವಳು ಸಂತೆಮರಹಳ್ಳಿ ಕಡೆಯ ಒಬ್ಬ ಚಿಕ್ಕ ಹುಡುಗಿ. ನಿಂತುಕೊಂಡೇ ಗಂಜಿಯ ಸ್ಪೂನ್ ತಂದು ನನ್ನ ಬಾಯಿಗೆ ತುರುಕಿದಳು. ಮೊದಲನೆಯದು ಇನ್ನೂ ಗಂಟಲಲ್ಲಿರುವಾಗಲೇ ಎರಡನೆಯದು ಬಂತು. ಗದ್ದದ ಮೇಲೆ ಇಳಿದದ್ದನ್ನು ಅದೇ ಸ್ಪೂನಿನಲ್ಲಿ ಕೆರೆದು ಮತ್ತೆ ಬಾಯಿಗೇ ಹಾಕಿದಳು! ನನಗೆ ಮೈಯೆಲ್ಲ ಉರಿದುಹೋಯಿತು. "ಏನಮ್ಮಿ, ಗೋಡೆಗೆ ಗಾರೆ ಮೆತ್ತಿಯಾ?" ಎಂದು ಅವಳ ಕೈ ತಳ್ಳಿದೆ. ಕ್ಲಾಸೆಲ್ಲ ನಕ್ಕಿತು. ಸಿಸ್ಟರ್ ಮಾತ್ರ, "ಕೋಪ ಬಂತಲ್ಲ, ಒಳ್ಳೇದು. ಪೇಷಂಟಿಗೂ ಹೀಗೇ ಬರುತ್ತೆ. ಆದರೆ ಅವರಿಗೆ ತಳ್ಳೋಕೆ ಕೈಯಲ್ಲಿ ಶಕ್ತಿ ಇರಲ್ಲ" ಅಂದರು.

ಆಮೇಲೆ ಅವರು ಇನ್ನೊಂದು ಮಾತು ಕೇಳಿದರು. "ನೀವೆಲ್ಲ ಯಾಕೆ ಗದ್ದ ಮೇಲೆತ್ತಿ ನುಂಗುತ್ತೀರಿ?" ಹಿಟ್ಟು ಉಣ್ಣುವವರು ಹಾಗೇ ನುಂಗುವುದು ಅಂದೆವು. ನಮ್ಮ ಕಡೆ ರಾಗಿ ಮುದ್ದೆಯನ್ನು ಹಿಟ್ಟು ಅನ್ನುತ್ತೇವೆ. ಹಿಟ್ಟನ್ನು ಅಗಿಯುವವರು ಎಲ್ಲಾದರೂ ಉಂಟೇ? ಮುರಿದು, ಸಾರಿನಲ್ಲಿ ಅದ್ದಿ, ಗದ್ದ ಎತ್ತಿ ಗುಳಕ್ಕನೆ ನುಂಗುವುದು. ಚಿಕ್ಕವಳಿದ್ದಾಗ ನಾನು ಅಗಿದರೆ ನಮ್ಮವ್ವ ತಲೆಗೆ ಮೊಟಕುತ್ತಿದ್ದಳು. ಸಿಸ್ಟರ್ ಕೈ ಚೆಲ್ಲಿದರು. "ಲಕ್ವ ಹೊಡೆದವರಿಗೆ ಗದ್ದ ಮೇಲೆದ್ದರೆ ಅನ್ನ ಉಸಿರಿನ ದಾರಿಗೆ ಹೋಗುತ್ತೆ. ಗದ್ದ ಕೆಳಗಿರಬೇಕು. ಉಣ್ಣಿಸುವವರು ಎದುರಿಗೆ ಕೂತಿರಬೇಕು, ನಿಂತರೆ ಅವರು ತಲೆ ಎತ್ತಿ ನೋಡುತ್ತಾರೆ. ಇದೊಂದನ್ನು ಮರೆತರೆ ಜೀವಕ್ಕೇ ಕುತ್ತು ಬರುತ್ತೆ." ಅದನ್ನು ಅವರು ಎಷ್ಟು ಸಲ ಹೇಳಿಸಿದರೆಂದರೆ, ಮನೆಯಲ್ಲಿ ಗಂಡ ಉಣ್ಣುವಾಗಲೂ ನನ್ನ ಕಣ್ಣು ಅವನ ಗದ್ದದ ಮೇಲೇ ಇರುತ್ತಿತ್ತು.

ತರಬೇತಿಯ ಕೊನೆಯಲ್ಲಿ ಒಂದು ಮನೆಗೆ ಹೋಗಿ ಕೆಲಸ ಮಾಡಬೇಕಿತ್ತು. ನನಗೆ ಸಿಕ್ಕಿದ್ದು ಗುಂಡ್ಲುಪೇಟೆಯ ಒಬ್ಬ ಲಾರಿ ಡ್ರೈವರ್ ಮನೆ. ಕೇರಳಕ್ಕೆ ತರಕಾರಿ ಹೊಡೆಯುತ್ತಿದ್ದವರು, ದೊಡ್ಡ ಆಳು. ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದಿದ್ದವು, ಮಾತು ನಿಂತಿತ್ತು. ಅವರನ್ನು ಅಣ್ಣ ಅಂದೆ, ಅವರ ಹೆಂಡತಿಯನ್ನು ಅಕ್ಕ ಅಂದೆ. ಅಕ್ಕ ಗಂಜಿ ಹಿಡಿದರೆ ಅಣ್ಣ ತುಟಿ ಬಿಗಿದು ಗೋಡೆ ಕಡೆ ತಿರುಗುತ್ತಿದ್ದರು. ಆಳು ಸೊರಗಿ ಶರ್ಟಿನ ಕಾಲರ್ ಜೋಲುತ್ತಿತ್ತು. ಮುಂದಿನ ಸಲ ಬರುವಷ್ಟರಲ್ಲಿ ಕೆಮ್ಮಿಲ್ಲದೆ ಬಾಯಲ್ಲಿ ಉಣ್ಣದಿದ್ದರೆ ಮೂಗಿಗೆ ಟ್ಯೂಬ್ ಹಾಕಲೇಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು.

"ಮೂಗ್ಗೆ ಪೈಪ್ ಆಕ್ಬುಟ್ರೆ ಇವ್ರು ಮನಸ್ನಲ್ಲೇ ಸತ್ತೋಯ್ತರೆ ಕಣಮ್ಮಿ" ಎಂದು ಅಕ್ಕ ಮೊದಲ ದಿನವೇ ನನ್ನ ಕೈ ಹಿಡಿದುಕೊಂಡಳು. "ಊಟ ಅಂದ್ರೆ ಪ್ರಾಣ ಬುಡೋರು. ಎಂಗಾರ ಮಾಡಿ ಬಾಯಲ್ಲಿ ಉಣ್ಣಂಗೆ ಮಾಡು." ನಾನು ದೊಡ್ಡದಾಗಿ ಹೂಂ ಅಂದುಬಿಟ್ಟೆ. ಒಳಗೊಳಗೇ ಹೆದರಿಕೆಯಾಗಿತ್ತು.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳಿಗೆ ಅಕ್ಕನ ಕೂಗು ಕೇಳಿಸಿತು. ಓಡಿ ಹೋದೆ. ಅಣ್ಣ ಕುರ್ಚಿಯಲ್ಲಿ ಕಣ್ಣು ಮೇಲಕ್ಕೆ ಮಾಡಿಕೊಂಡು ಉಸಿರಿಗೆ ಒದ್ದಾಡುತ್ತಿದ್ದಾರೆ, ಕೆಮ್ಮಲೂ ಆಗುತ್ತಿಲ್ಲ. ಅಕ್ಕನ ಕೈಯಲ್ಲಿ ಹಿಟ್ಟಿನ ತಟ್ಟೆ! ಅವರನ್ನು ಮುಂದಕ್ಕೆ ಬಗ್ಗಿಸಿ ಹಿಡಿದು, ಕಲಿಸಿದ್ದ ಹಾಗೆ ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ ಗುದ್ದಿದೆ. ಗುದ್ದುತ್ತಲೇ ಹೋದೆ. ಕೊನೆಗೆ ಹಿಟ್ಟಿನ ತುತ್ತು ನೆಲಕ್ಕೆ ಬಿತ್ತು, ಅಣ್ಣ ಗೊರಗೊರ ಎಂದು ಉಸಿರೆಳೆದುಕೊಂಡರು.

ನನ್ನ ಬಾಯಿಗೆ ತಡೆಯೇ ಇರಲಿಲ್ಲ. "ಗಂಡನ್ನ ಸಾಯಿಸ್ಬೇಕು ಅಂತ ಅದೀಯಾ? ಏಳಿರ್ಲಿಲ್ವಾ ನಾನು, ಹಿಟ್ಟು ಮುಟ್ಟುಸ್ಬ್ಯಾಡ ಅಂತ?" ಅಕ್ಕ ನೆಲದ ಮೇಲೆ ಬಿದ್ದ ತುತ್ತನ್ನೇ ನೋಡುತ್ತ ಅತ್ತಳು. "ನಾನು ಉಣ್ಣಾಕೆ ಅಂತ ತಟ್ಟೆ ಇಡ್ಕಂಡು ಬತ್ತಿದ್ದೆ ಕಣಮ್ಮಿ. ಅವ್ರು ನೋಡುದ್ರು. ಅವ್ರಾಗೇ ಬಾಯ್ ಬುಟ್ರು." ಆ ಮಾತು ಕೇಳಿ ನನ್ನ ಸಿಟ್ಟು ಅರ್ಧಕ್ಕೇ ನಿಂತಿತು. ಇಷ್ಟು ದಿನ ಬಾಯಿ ಬಿಡದ ಮನುಷ್ಯ ಹಿಟ್ಟು ಕಂಡು ಬಾಯಿ ಬಿಟ್ಟಿದ್ದರು!

ಸಿಸ್ಟರಿಗೆ ಫೋನ್ ಮಾಡಿದೆ. ಮೊದಲು ಮಲಯಾಳದಲ್ಲಿ ಬೈದರು, ಆಮೇಲೆ ಬಂದರು. ಅಣ್ಣನ ಎದೆಗೆ ಕಿವಿಗೊಟ್ಟು ನೋಡಿ, ಡಾಕ್ಟರ ಹತ್ತಿರ ಫೋನಿನಲ್ಲಿ ಮಾತಾಡಿ, ದಾರಿ ಹೇಳಿಕೊಟ್ಟರು. ರಾಗಿಯನ್ನೇ ಗಂಟಿಲ್ಲದೆ ಮೆತ್ತಗೆ ಬೇಯಿಸಿ, ಸೊಪ್ಪು ಕಾಳು ಬೇಯಿಸಿದ ಉಪ್ಸಾರನ್ನು ಖಾರ ಹಾಕದೆ ಸೋಸಿ ಬೆರೆಸಬೇಕು. ನೀರಾಗಿಯೂ ಇರಬಾರದು, ಉಂಡೆಯಾಗಿಯೂ ಇರಬಾರದು, ಮೊಸರಿನ ಹಾಗೆ ಸ್ಪೂನಿನಲ್ಲಿ ನಿಲ್ಲಬೇಕು. ಗದ್ದ ಕೆಳಗೆ.

ನಾನು ಎದುರಿಗೆ ಕೂತು ಉಣ್ಣಿಸಿದರೆ ಅಣ್ಣ ಎರಡು ತುತ್ತು ತೆಗೆದುಕೊಂಡು ತುಟಿ ಬಿಗಿಯುತ್ತಿದ್ದರು. ಅವರ ಕಣ್ಣು ಅಕ್ಕನನ್ನು ಹುಡುಕುತ್ತಿತ್ತು. ಅಕ್ಕನ ಕೈಗೆ ಬಟ್ಟಲು ಕೊಟ್ಟರೆ ಅವಳು ನಿಂತೇ ಇರುತ್ತಿದ್ದಳು. ಅಣ್ಣ ಅವಳ ಮುಖ ನೋಡಲು ಗದ್ದ ಎತ್ತುತ್ತಿದ್ದರು, ಕೆಮ್ಮು ಬರುತ್ತಿತ್ತು.

"ಕೂತ್ಕಂಡು ಉಣ್ಣುಸಕ್ಕ."

"ಅವ್ರು ಉಣ್ಣಾಗ ನಾನು ಮುಂದ್ಗಡೆ ಕೂತ್ಕಳದಾ? ಸರೀಗದೆ! ಭಾವ ನೋಡುದ್ರೆ ಏನಂದಾರು?"

ಭಾವ ಅಂದರೆ ಅಣ್ಣನ ಅಣ್ಣ, ಮನೆಗೆ ಹಿರಿಯರು. ಆ ಮನೆಯಲ್ಲಿ ಗಂಡಸರು ಉಣ್ಣುವಾಗ ಹೆಂಗಸರು ನಿಂತು ಬಡಿಸುತ್ತಾರೆ. ಅವರು ಕೈ ತೊಳೆದ ಮೇಲೆ ಇವರು ಅಡುಗೆ ಮನೆಯಲ್ಲಿ ಕೂತು ಉಣ್ಣುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ಏನು ಬೇರೆಯೇ? ನಾನೂ ಹಾಗೇ ಬಡಿಸಿದವಳು, ಅದೊಂದು ವಿಷಯ ಅಂತ ಯಾವತ್ತೂ ಅನ್ನಿಸಿರಲಿಲ್ಲ. ಅದರಿಂದ ಒಬ್ಬ ಮನುಷ್ಯನ ಮೂಗಿಗೆ ಟ್ಯೂಬ್ ಬರುತ್ತದೆ ಅಂತ ಯಾರಿಗೆ ತಾನೇ ಹೊಳೆಯುತ್ತದೆ?

ಬೀದಿ ಬಾಗಿಲು ಹಾಕಿ, ಅಣ್ಣನ ಮುಂದೆ ಮಣೆ ಇಟ್ಟು, ಅಕ್ಕನ ಹೆಗಲು ಒತ್ತಿ ಕೂರಿಸಿದೆ. ಈಗಲೋ ಆಗಲೋ ಏಳುವವಳ ಹಾಗೆ ಓರೆಯಾಗಿ ಕೂತಳು. ಅಣ್ಣ ಕುರ್ಚಿಯಿಂದ ಅವಳನ್ನು ನೋಡಲು ತಲೆ ಬಗ್ಗಿಸಿದರು. ಗದ್ದ ತಾನಾಗಿ ಎದೆಗೆ ಬಂತು. ಒಂದು ತುತ್ತು ಇಳಿಯಿತು. ಇನ್ನೊಂದು. ಕೆಮ್ಮೇ ಇಲ್ಲ! ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಹೊರಗೆ ಭಾವನ ಚಪ್ಪಲಿ ಸದ್ದಾಯಿತು, ಅಕ್ಕ ಧಡಕ್ಕನೆ ಎದ್ದು ನಿಂತಳು, ಅಣ್ಣ ಗದ್ದ ಎತ್ತಿ ಮತ್ತೆ ಕೆಮ್ಮಿದರು. ಮುಂದೆಯೂ ಹಾಗೇ ನಡೆಯಿತು. ಬಾಗಿಲು ಹಾಕಿದ್ದರೆ ಊಟ, ತೆಗೆದರೆ ಕೆಮ್ಮು. ಆದರೂ ಅಣ್ಣನ ಕೆನ್ನೆ ನಿಧಾನಕ್ಕೆ ತುಂಬತೊಡಗಿತ್ತು.

ಚಾಮರಾಜನಗರದ ಆಸ್ಪತ್ರೆಗೆ ಹೋಗುವ ದಿನ ಭಾವನೂ ಜೊತೆಗೆ ಬಂದರು. ಸಿಸ್ಟರ್ ಅಲ್ಲೇ ಸಿಕ್ಕಿದರು. ಡಾಕ್ಟರು, "ಮನೇಲಿ ಉಣ್ಣಿಸೋರು ಯಾರು? ಅವರೇ ಉಣ್ಣಿಸಲಿ, ನಾನು ನೋಡ್ತೀನಿ" ಅಂದರು. ಅಕ್ಕ ಡಬ್ಬಿ ತೆಗೆದಳು. ಕೋಣೆಯ ತುಂಬ ಜನ, ಬಾಗಿಲಲ್ಲೂ ಜನ, ಪಕ್ಕದಲ್ಲೇ ಭಾವ. ಅಕ್ಕ ವೀಲ್‌ಚೇರಿನ ಮುಂದೆ ನಿಂತೇ ಸ್ಪೂನ್ ತುಂಬಿಕೊಂಡಳು. ಅಣ್ಣನ ಗದ್ದ ಮೇಲೇಳತೊಡಗಿತು. ಮುಗೀತು ಅಂದುಕೊಂಡೆ. ಕೂಗಲು ಬಾಯಿ ತೆರೆದೆ. ಸಿಸ್ಟರ್ ನನ್ನ ತೋಳು ಹಿಡಿದು ಸುಮ್ಮನಿರಿಸಿದರು.

ಅಕ್ಕ ಒಮ್ಮೆ ಭಾವನ ಕಡೆ ನೋಡಿದಳು. ಸ್ಪೂನನ್ನು ಡಬ್ಬಿಗೆ ವಾಪಸ್ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಷ್ಟು ಜನರ ನಡುವೆ ಬರಿ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತುಬಿಟ್ಟಳು. ಓರೆಯಾಗಿ ಅಲ್ಲ, ನೇರ ಎದುರಿಗೆ. ಭಾವ ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟರು.

"ಗದ್ದ ಕೆಳಗೆ, ಅಣ್ಣ" ಅಂತ ನಾನು ಹೇಳುವ ಮೊದಲೇ ಅಣ್ಣ ತಲೆ ಬಗ್ಗಿಸಿದ್ದರು. ತುತ್ತು ಇಳಿಯಿತು. ಮತ್ತೆ ತುತ್ತು, ಮತ್ತೆ ತುತ್ತು. ಡಬ್ಬಿಯ ತಳ ಕಾಣುವವರೆಗೂ ಒಂದು ಕೆಮ್ಮಿಲ್ಲ. ಡಾಕ್ಟರು ಬಗ್ಗಿ, "ಗಂಟಲಲ್ಲಿ ಏನಾದರೂ ಉಳಿದಿದ್ದರೆ ಧ್ವನಿ ಒದ್ದೆಯಾಗಿ ಬರುತ್ತೆ. ಬರಿ ಆ ಅಂದರೂ ಸಾಕು, ಕೇಳೋಣ" ಅಂದರು.

ಅಣ್ಣ ಬಹಳ ಹೊತ್ತು ತುಟಿ ಅಲ್ಲಾಡಿಸಿದರು. ಕಣ್ಣು ಮಾತ್ರ ನೆಲದ ಮೇಲೆ ಕೂತಿದ್ದ ಅಕ್ಕನ ಮೇಲೇ ಇತ್ತು.

"ನೀ... ಉಂಡ್ಯಾ?"

ಧ್ವನಿ ಒಣಗಿತ್ತು, ಸ್ಪಷ್ಟವಾಗಿತ್ತು. ಡಾಕ್ಟರು ಟ್ಯೂಬ್ ಬೇಡ ಎಂದು ಹೇಳಿದ್ದನ್ನು ಭಾವನಿಗೆ ನಾನೇ ಇನ್ನೊಮ್ಮೆ ಹೇಳಬೇಕಾಯಿತು. ಅಕ್ಕನಿಗಂತೂ ಅದು ಕೇಳಿಸಲೇ ಇಲ್ಲ. ಅವಳು ಅಲ್ಲೇ ನೆಲದ ಮೇಲೆ ಖಾಲಿ ಡಬ್ಬಿ ಮಡಿಲಲ್ಲಿಟ್ಟುಕೊಂಡು, ಅಳುತ್ತ ನಗುತ್ತ, ಇಲ್ಲ, ಇನ್ನೂ ಉಂಡಿಲ್ಲ ಎಂದು ಗಂಡನಿಗೆ ಹೇಳುತ್ತಿದ್ದಳು.