ಹನ್ನೊಂದು ಡಿಗ್ರಿ, ಒಂದು ತಂತಿ

ಬೆಳಗಿನ ಐದೂಮುಕ್ಕಾಲು. ಕಟ್ಟಡದ ಲಿಫ್ಟ್ ಇನ್ನೂ ಶುರುವಾಗಿಲ್ಲ. ಅದು ಓಡಿದರೆ ಪ್ರಯೋಗಾಲಯದ ಮೀಟರಿನಲ್ಲಿ ಅಂಕಿ ನಡುಗುತ್ತದೆ. ಅದಕ್ಕೇ ಪ್ರಯೋಗಾಲಯದ ಸಹಾಯಕಿ ಬಿಲ್ಲೆಯಕ್ಕ ನಾಲ್ಕು ಮಹಡಿ ಹತ್ತಿ ಈ ಹೊತ್ತಿಗೆ ಬರುತ್ತಾರೆ. ಅಂಗಿಯ ಗುಂಡಿಯಷ್ಟು ಅಗಲದ ಬಿಳಿ ಬಿಲ್ಲೆಯನ್ನು ಚಿಮಟದಲ್ಲಿ ಎತ್ತಿ ಪುಟ್ಟ ಕುಲುಮೆಯೊಳಗೆ ಕೂರಿಸುತ್ತಾರೆ. ಬಿಸಿ ಅಳೆಯುವ ತಂತಿಯ ತುದಿಯನ್ನು ಅದಕ್ಕೆ ತಾಗಿಸಿ ಬಿಗಿಯುತ್ತಾರೆ. ಬಿಚ್ಚಿ ಮತ್ತೆ ಬಿಗಿಯುತ್ತಾರೆ. ಮೂರನೇ ಸಲಕ್ಕೆ ಉಸಿರು ಬಿಡುತ್ತಾರೆ.

ಬಿಲ್ಲೆ ವಿದ್ಯುತ್ತನ್ನು ಹಿಡಿದಿಡುವ ಪಿಂಗಾಣಿ. ಕಾಯಿಸುತ್ತ ಹೋದರೆ ಒಂದು ಉಷ್ಣತೆಯಲ್ಲಿ ಅದರ ಒಳಗಿನ ಜೋಡಣೆಯೇ ಬದಲಾಗುತ್ತದೆ. ಆಗ ಆ ಹಿಡಿತವನ್ನು ತೋರಿಸುವ ಮೀಟರಿನ ಅಂಕಿ ಸರ್ರನೆ ಏರಿ, ತುದಿ ಮುಟ್ಟಿ, ಇಳಿಯುತ್ತದೆ. ಸಾದಾ ಬಿಲ್ಲೆಗೆ ಆ ಉಷ್ಣತೆ ನೂರ ಇಪ್ಪತ್ತು ಡಿಗ್ರಿ. ಇಲ್ಲಿನ ಸಂಶೋಧಕಿಯೊಬ್ಬಳು ಸ್ವಲ್ಪ ಸೀಸ ಬೆರೆಸಿ ಅದನ್ನು ನೂರ ಮೂವತ್ತೊಂದಕ್ಕೆ ಏರಿಸಿದ್ದಾಳೆ. ಆ ಹನ್ನೊಂದು ಡಿಗ್ರಿಯೇ ಅವಳ ಪ್ರಬಂಧ. ಸಲ್ಲಿಸಲು ಇವತ್ತು ಕೊನೆಯ ದಿನ.

ನಿನ್ನೆ ಕುಲುಮೆ ಒರೆಸುವಾಗ ಬಿಲ್ಲೆಯಕ್ಕ ನೋಡಿದರು: ತಂತಿಯ ತುದಿ ಬಿಲ್ಲೆಗೆ ತಾಗಿರಲಿಲ್ಲ. ನಡುವೆ ಕೂದಲೆಳೆಯಷ್ಟು ಜಾಗ.

"ತಾಗದೇ ಇದ್ರೆ ತಂತಿ ಬಿಲ್ಲೆ ಬಿಸಿ ಹೇಳಲ್ಲ, ಸುತ್ತಲಿನ ಗಾಳಿ ಬಿಸಿ ಹೇಳುತ್ತೆ. ಗಾಳಿ ಮೊದಲು ಕಾಯುತ್ತೆ, ಬಿಲ್ಲೆ ಆಮೇಲೆ" ಎನ್ನುತ್ತಾರೆ. "ಕಟ್ಟಿದ್ದು ನಾನೇ. ಅಳತೆಗೆ ಮುಂಚೆ ಬಿಟ್ಕೊಂತೋ, ಆಮೇಲೋ. ಗೊತ್ತಿಲ್ಲ. ಅದಕ್ಕೇ ಮತ್ತೆ ಅಳೀತಿದೀನಿ."

ಹೆಂಚಿನ ಕಾರ್ಖಾನೆಯಲ್ಲಿ ಅಪ್ಪನ ಜೊತೆ ಬೆಂಕಿ ಕಾಯುತ್ತಿದ್ದ ಬಿಲ್ಲೆಯಕ್ಕ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ಇಂದಿಗೂ ಹನ್ನೊಂದು ತಿಂಗಳ ಕರಾರು; ಈ ತಿಂಗಳು ಮತ್ತೆ ಮುಗಿಯುತ್ತದೆ. ದಿನಕ್ಕೆ ಆರು ಗಂಟೆ ಪುಡಿ ಅರೆಯುತ್ತಾರೆ. ಹನ್ನೆರಡು ಬಿಲ್ಲೆ ಒತ್ತುತ್ತಾರೆ. ಒಂಬತ್ತು ಬಿರಿಯದೆ ಬೆಂದರೆ ಒಳ್ಳೆಯ ದಿನ. ಬಲಗೈ ಹೆಬ್ಬೆರಳು ಈಗ ಮಡಚಲು ಬರುವುದಿಲ್ಲ. ಇವರ ಬಿಲ್ಲೆಗಳಿಂದ ನಲವತ್ತು ಪ್ರಬಂಧಗಳಾಗಿವೆ. ಒಂದರಲ್ಲಿ ವಿದ್ಯಾರ್ಥಿ ತನ್ನ ಬೆಕ್ಕಿಗೂ ವಂದನೆ ಹೇಳಿದ್ದಾನೆ. ಇವರ ಹೆಸರು ಯಾವುದರಲ್ಲೂ ಇಲ್ಲ.

ಕುಲುಮೆ ನಿಮಿಷಕ್ಕೆ ಎರಡು ಡಿಗ್ರಿ ಏರುತ್ತಿದೆ. ಸಂಶೋಧಕಿ ಬಂದು, ಹೆಗಲ ಚೀಲ ಇಳಿಸದೆ ಬಾಗಿಲಲ್ಲೇ ನಿಲ್ಲುತ್ತಾಳೆ.

"ಅಕ್ಕಾ, ಜೀವ ಬಾಯಿಗೆ ಬಂದಿದೆ."

"ಅಲ್ಲೇ ಇಟ್ಕೊಂಡು ಬಾಯಿ ಮುಚ್ಕೊಂಡಿರು. ಅಂಕಿ ನೋಡ್ಬೇಕು ನಾನು."

ನೂರ ಹದಿನೆಂಟು. ನೂರ ಇಪ್ಪತ್ತು ದಾಟುತ್ತದೆ. ಹುಡುಗಿ ಒಂದು ಹೆಜ್ಜೆ ಒಳಗೆ ಬರುತ್ತಾಳೆ. ನೂರ ಇಪ್ಪತ್ನಾಲ್ಕಕ್ಕೆ ಮೀಟರಿನ ಅಂಕಿ ಓಡತೊಡಗುತ್ತದೆ. ಇಪ್ಪತ್ತಾರಕ್ಕೆ ನಿಲ್ಲುತ್ತದೆ. ಇಪ್ಪತ್ತೇಳಕ್ಕೆ ಇಳಿಯುತ್ತದೆ.

ಹನ್ನೊಂದಲ್ಲ, ಆರು.

"ಐದು ಡಿಗ್ರಿ ಹೋಯ್ತಲ್ಲಕ್ಕಾ."

"ಹೋಗಿಲ್ಲ ಕಣೇ. ಇರ್ಲೇ ಇಲ್ಲ."

ಹುಡುಗಿ ಚೀಲ ಇಳಿಸಿ ಸ್ಟೂಲಿನ ಮೇಲೆ ಕೂರುತ್ತಾಳೆ. ಬಿಲ್ಲೆಯಕ್ಕ ದಿನಚರಿ ಪುಸ್ತಕ ತೆರೆದು ಬರೆಯುತ್ತಾರೆ: 'ಹಿಂದಿನ ಅಳತೆ ತಪ್ಪು. ತಂತಿ ಸಡಿಲ.' ಅಕ್ಷರ ಸೊಟ್ಟಗಾಗುತ್ತದೆ. 'ಕಟ್ಟಿದ್ದು' ಎಂದು ಮುಂದಿನ ಸಾಲು ಶುರು ಮಾಡುತ್ತಾರೆ.

"ಕಟ್ಟಿದ್ದು ಯಾರು ಅಂತ ಬರೀಬೇಡಿ" ಎನ್ನುತ್ತಾಳೆ ಹುಡುಗಿ. "ನಿಮ್ಮ ಕರಾರು ಇದೆ. ನಾನೇ ಕಟ್ಟಿದ್ದು ಅಂತೀನಿ. ಗೈಡ್ ಮೇಷ್ಟ್ರ ಹತ್ರ ಪ್ರಬಂಧಕ್ಕೆ ಇನ್ನೂ ಹದಿನೈದು ದಿನ ಕೇಳ್ತೀನಿ."

"ನೀನು ಕಟ್ಟೋದಾ? ನಿನಗೆ ಚಿಮಟ ಹಿಡಿಯೋಕೇ ಬರಲ್ಲ. ಯಾರು ನಂಬ್ತಾರೆ?"

ಹೊರಗೆ ಲಿಫ್ಟ್ ಗುರ್ರೆನ್ನುತ್ತದೆ. ಮೇಷ್ಟ್ರು ಬರುವ ಹೊತ್ತು. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಬಿಲ್ಲೆಯಕ್ಕ ಬಾಗಿಲ ಕಡೆ ನೋಡುತ್ತಲೇ ಹೇಳುತ್ತಾರೆ:

"ಪ್ರಬಂಧದಲ್ಲಿ ಈ ಸಲ ನನ್ನ ಹೆಸರು ಹಾಕ್ಲಿ. ಸಡಿಲ ಕಟ್ಟಿದ್ದು ಬಿಲ್ಲೆಯಕ್ಕ ಅಂತ. ಬಿಗಿಯಾಗಿ ಕಟ್ಟಿದ್ದೂ ಅವಳೇ ಅಂತ."